ಚಿಕ್ಕಬಳ್ಳಾಪುರದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ಯಾವ ದಾರಿ ಯಾರಿಗೆ ಸರಿ?

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಎಷ್ಟೋ ಮನೆಗಳ ಮಗನೋ ಮಗಳೋ ಈಗ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಕೆಲಸದಲ್ಲಿದ್ದಾರೆ. ವೀಸಾ ಕೈಗೆ ಬಂದ ಮಾರನೇ ದಿನದಿಂದ ಮನೆಯಲ್ಲಿ ಒಂದೇ ಮಾತು. ದುಬೈ ಮೇಲೆ ಹೋಗೋದಾ, ಫ್ರಾಂಕ್‌ಫರ್ಟ್ ಮೇಲೆ ಹೋಗೋದಾ? ದೆಹಲಿ ಮೇಲೆ ಹೋದರೆ ಸಲೀಸಾ? ಎಲ್ಲೂ ಇಳಿಯದೆ ನೇರವಾಗಿ ಹೋಗುವ ವಿಮಾನ ಸಿಗುತ್ತಾ? ಹೀಗೆ ಕೇಳುವವರಲ್ಲಿ ಎರಡು ಬಗೆಯವರು ಜಾಸ್ತಿ. ಮೊದಲ ಸಲ ವಿಮಾನ ಹತ್ತುವ ಅಪ್ಪ-ಅಮ್ಮನಿಗೆ ಟಿಕೆಟ್ ಮಾಡುತ್ತಿರುವ ಮಕ್ಕಳು ಒಂದು ಕಡೆ. ಓದಲು ಹೊರಟ, ಕೈಯಲ್ಲಿ ಲೆಕ್ಕದ ದುಡ್ಡು ಇರುವ ಹುಡುಗ-ಹುಡುಗಿಯರು ಇನ್ನೊಂದು ಕಡೆ. ಒಬ್ಬರಿಗೆ ಒಗ್ಗುವ ದಾರಿ ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಅದಕ್ಕೇ ದಾರಿಗಳನ್ನು ನೋಡುವ ಮುಂಚೆ ಯಾವುದನ್ನು ಅಳೆಯಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳೋಣ.

ಮೊದಲು ಅಳತೆಗೋಲು

ಟಿಕೆಟ್ ಹುಡುಕುವಾಗ ಎಲ್ಲರ ಕಣ್ಣು ಮೊದಲು ಬೆಲೆಯ ಮೇಲೆ, ಆಮೇಲೆ ಒಟ್ಟು ಗಂಟೆಯ ಮೇಲೆ ಬೀಳುತ್ತದೆ. ನಾನು ನೋಡುವ ಕ್ರಮ ಬೇರೆ. ಮೊದಲು, ನಡುವೆ ಎಲ್ಲಿ ಇಳಿಯಬೇಕು, ಅಲ್ಲಿ ಎಷ್ಟು ಹೊತ್ತು ಕಾಯಬೇಕು. ಎರಡನೆಯದು, ಎಲ್ಲಾ ವಿಮಾನಗಳೂ ಒಂದೇ ಟಿಕೆಟ್‌ನಲ್ಲಿವೆಯಾ. ಮೂರನೆಯದು, ವಿಮಾನ ಹೊರಡುವ ಹೊತ್ತಿಗೆ ನಿಮ್ಮೂರಿನಿಂದ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣ ತಲುಪುವುದು ಎಷ್ಟು ಸುಲಭ. ನಾಲ್ಕನೆಯದು, ಹೊರಟವರ ವಯಸ್ಸು, ಮಂಡಿ, ಶುಗರ್, ಬಿಪಿ, ಬರುವ ಭಾಷೆ. ಬೆಲೆಯನ್ನು ಕೊನೆಗೆ ನೋಡಿ. ದುಡ್ಡು ಮುಖ್ಯ ಅಲ್ಲ ಅಂತ ಹೀಗೆ ಹೇಳುತ್ತಿಲ್ಲ. ಮೇಲಿನ ನಾಲ್ಕಕ್ಕೂ ಒಪ್ಪುವ ಟಿಕೆಟ್‌ಗಳಲ್ಲಿ ಅಗ್ಗದ್ದನ್ನು ಹುಡುಕುವುದೇ ನಿಜವಾದ ಉಳಿತಾಯ ಅಂತ.

ದೂರ ಈ ಪಟ್ಟಿಯಲ್ಲೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಲೆಕ್ಕ ಹಾಕಿಯೇ ಬಿಡೋಣ.

ಕಿಲೋಮೀಟರ್ ಲೆಕ್ಕ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಭೂಮಿಯ ಮೇಲಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಗೋಡೆಗೆ ನೇತುಹಾಕಿದ ನಕ್ಷೆ ನೋಡಿದರೆ ಈ ದಾರಿ ಪೂರ್ವಕ್ಕೋ ಪಶ್ಚಿಮಕ್ಕೋ ಇರಬೇಕು ಅನ್ನಿಸುತ್ತದೆ. ಮಕ್ಕಳ ಗ್ಲೋಬ್ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದೆ. ಎರಡು ಊರುಗಳೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಬದಿಯಲ್ಲಿರುವುದೇ ಇದಕ್ಕೆ ಕಾರಣ.

ಈಗ ನಡುವೆ ಒಂದು ಊರು ಸೇರಿಸಿ ನೋಡೋಣ. ದೆಹಲಿ ಮೇಲೆ ಹೋದರೆ ಸುಮಾರು 14,100 ಕಿ.ಮೀ. ಅಂದರೆ ದೆಹಲಿ ದಾರಿಯಲ್ಲೇ ಇದೆ. ಟೋಕಿಯೊ ಮೇಲೆ 14,900. ಹಾಂಗ್‌ಕಾಂಗ್ ಮೇಲೆ 15,100. ದುಬೈ ಮೇಲೆ 15,700. ಫ್ರಾಂಕ್‌ಫರ್ಟ್ ಮೇಲೆ 16,550, ಲಂಡನ್ ಮೇಲೆ 16,650, ಸಿಂಗಪುರದ ಮೇಲೆ 16,800. ಇವೆಲ್ಲ ನೇರ ಗೆರೆಯ ಅಂದಾಜು. ಹಾರುವಾಗ ಇನ್ನಷ್ಟು ಸೇರುತ್ತದೆ.

ಅತಿ ಚಿಕ್ಕ ದಾರಿಗೂ ಅತಿ ಉದ್ದದ ದಾರಿಗೂ ಇರುವ ಅಂತರ 2,800 ಕಿ.ಮೀ. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ ಅದು ಮೂರು ಗಂಟೆ. ಆದರೆ ಟಿಕೆಟ್‌ಗಳ ಒಟ್ಟು ಸಮಯ ನೋಡಿ. ಒಂದು 21 ಗಂಟೆ ಅನ್ನುತ್ತದೆ, ಇನ್ನೊಂದು 35 ಗಂಟೆ ಅನ್ನುತ್ತದೆ. ಉಳಿದ ಗಂಟೆಗಳೆಲ್ಲ ಎಲ್ಲಿಗೆ ಹೋದವು? ವಿಮಾನ ನಿಲ್ದಾಣದ ಕುರ್ಚಿಯಲ್ಲಿ. ಹಾಗಾಗಿ ಯಾವ ಊರು ಹತ್ತಿರ ಅನ್ನುವ ಚರ್ಚೆಯಲ್ಲಿ ಹುರುಳಿಲ್ಲ. ಎಲ್ಲಿ ಎಷ್ಟು ಹೊತ್ತು ಕಾಯಬೇಕು ಅನ್ನುವುದರಲ್ಲೇ ಇಡೀ ಪ್ರಯಾಣ ತೀರ್ಮಾನವಾಗುತ್ತದೆ.

ಇನ್ನೊಂದು ವಿಷಯ ಗಾಳಿಯದು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಬೀಸುತ್ತಿರುತ್ತದೆ. ಪೂರ್ವಕ್ಕೆ ಹಾರುವ ವಿಮಾನವನ್ನು ಅದು ತಳ್ಳುತ್ತದೆ, ಪಶ್ಚಿಮಕ್ಕೆ ಹಾರುವುದನ್ನು ತಡೆಯುತ್ತದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದಾರಿ 13,900 ಕಿ.ಮೀ.ಯಿಂದ 15,300 ಕಿ.ಮೀ.ಗೆ ಉದ್ದವಾಯಿತು. ಸಮಯ ಮಾತ್ರ ಸುಮಾರು ಎರಡು ಗಂಟೆ ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ದೂರ ಹೆಚ್ಚಾದರೆ ಸಮಯವೂ ಹೆಚ್ಚಬೇಕು ಅಂತೇನಿಲ್ಲ.

ಗಡಿಯಾರ ಮೋಸ ಮಾಡದಂತೆ

ಟಿಕೆಟ್‌ನಲ್ಲಿ ಬರೆದಿರುವುದು ಆಯಾ ಊರಿನ ಸಮಯ. ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ ಹಿಂದೆ. ಮೇ ತಿಂಗಳ ಒಂದು ಸೋಮವಾರ ಮಧ್ಯಾಹ್ನ 1ಕ್ಕೆ ಬೆಂಗಳೂರು ಬಿಟ್ಟು ಹದಿನಾರೂವರೆ ಗಂಟೆ ಹಾರಿದರೆ, ಅಲ್ಲಿ ಇಳಿಯುವಾಗ ಅದೇ ಸೋಮವಾರ ಸಂಜೆ 5. ಟಿಕೆಟ್ ನೋಡಿದವರಿಗೆ ನಾಲ್ಕೇ ಗಂಟೆ ಅನ್ನಿಸುತ್ತದೆ. ಬರುವಾಗ ಉಲ್ಟಾ. ಅಲ್ಲಿ ಸೋಮವಾರ ರಾತ್ರಿ 9ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಬುಧವಾರ ಬೆಳಗಿನ ಜಾವ 3. ಮಂಗಳವಾರವೇ ಕಾಣೆ! ಊರಿನಲ್ಲಿ ಮದುವೆಗೋ ಹಬ್ಬಕ್ಕೋ ಬರಬೇಕಿದ್ದರೆ ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಎಲ್ಲೂ ಇಳಿಯದ ನೇರ ವಿಮಾನ

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ದಾರಿಯನ್ನು ತೆರೆಯಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಮೊದಲ ವಿಮಾನ ಜನವರಿ 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು, ಮುಖ್ಯ ಪೈಲಟ್ ಜೋಯಾ ಅಗರ್ವಾಲ್. ಉತ್ತರ ಧ್ರುವದ ಮೇಲೆ ಹಾದು, ಸುಮಾರು ಹದಿನೇಳು ಗಂಟೆ ಒಂದೇ ಸಮ ಹಾರಿ ಬಂದಿದ್ದರು. ಆ ಸುದ್ದಿ ಓದಿದಾಗ ಆದ ಹೆಮ್ಮೆ ನನಗೆ ಇನ್ನೂ ಇದೆ.

ಆದರೆ ಈ ಸೇವೆ ಮುಂದೆ ನಿಂತಿತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಆಗಲೂ ದಿನಾ ಇರಲಿಲ್ಲ. ನೀವು ಹೊರಡುವ ತಿಂಗಳಲ್ಲಿ ಇದೆಯಾ ಅನ್ನುವುದನ್ನೇ ಮೊದಲು ನೋಡಿ. ಇದ್ದರೆ, ದುಡ್ಡು ಹೊಂದಿದರೆ, ಇಂಗ್ಲಿಷ್ ಬಾರದ ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ದೇವನಹಳ್ಳಿಯಲ್ಲಿ ಹತ್ತಿಸಿದರೆ ಮಗಳ ಮುಂದೆಯೇ ಇಳಿಯುತ್ತಾರೆ. ಗೇಟ್ ಹುಡುಕುವ ಗಾಬರಿ ಇಲ್ಲ. ಲಗೇಜ್ ನಡುವೆ ಕಳೆದುಹೋಗುವ ಭಯ ಕಡಿಮೆ.

ಇದಕ್ಕೆ ತೆರುವ ಬೆಲೆ ದುಡ್ಡಷ್ಟೇ ಅಲ್ಲ, ದೇಹದ್ದೂ ಹೌದು. ಹದಿನಾರು-ಹದಿನೇಳು ಗಂಟೆ ಒಂದೇ ಕುರ್ಚಿಯಲ್ಲಿ ಕೂತರೆ ಕಾಲು ಊದಿಕೊಳ್ಳುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಮುಂಚೆ ಅಂಥ ತೊಂದರೆ ಆಗಿದ್ದವರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಈ ದಾರಿ ಹಿಡಿಯಬಾರದು. ಉಳಿದವರು ನಡುದಾರಿ ಪಕ್ಕದ ಸೀಟು ತೆಗೆದುಕೊಂಡು, ಆಗಾಗ ಎದ್ದು ಓಡಾಡಿ, ಪಾದ ಮೇಲೆ ಕೆಳಗೆ ಆಡಿಸುತ್ತಾ ನೀರು ಕುಡಿಯುತ್ತಿದ್ದರೆ ಆಯಿತು. ಮಂಡಿನೋವು ಇರುವ ಕೆಲವರಿಗೆ ನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯುವುದೇ ಹಿತ. ಅಮ್ಮನಿಗೆ ಯಾವುದು ಆಗುತ್ತೆ ಅಂತ ಅಮ್ಮನನ್ನೇ ಕೇಳಿ.

ದೆಹಲಿ ಮೇಲೆ

ದೂರದ ಲೆಕ್ಕದಲ್ಲಿ ಇದು ನೇರ ವಿಮಾನಕ್ಕೆ ಸಮ. ಬೆಂಗಳೂರು–ದೆಹಲಿ ಮೂರು ಗಂಟೆಯ ಒಳಗೆ. ಹೋಗುವಾಗ ಒಂದೇ ಟಿಕೆಟ್ ಇದ್ದರೆ ಲಗೇಜ್ ಸಾಮಾನ್ಯವಾಗಿ ಸೀದಾ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುತ್ತದೆ. ಇಮಿಗ್ರೇಷನ್, ಅಂದರೆ ಪಾಸ್‌ಪೋರ್ಟ್ ತಪಾಸಣೆ ಮಾತ್ರ ದೆಹಲಿಯಲ್ಲಿ. ಬರುವಾಗ ಸಾಮಾನ್ಯವಾಗಿ ದೆಹಲಿಯಲ್ಲೇ ಲಗೇಜ್ ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಬೆಂಗಳೂರಿನ ವಿಮಾನಕ್ಕೆ ಮತ್ತೆ ಕೊಡಬೇಕು. ದೊಡ್ಡ ಪ್ರಯಾಣ ಮುಗಿಸಿ ಸುಸ್ತಾದ ಅರವತ್ತೈದರ ಅಪ್ಪನಿಗೆ ಇದು ಕಷ್ಟವೇ. ಹಿಂದಿ ಬರುವವರಿಗೆ ಪರವಾಗಿಲ್ಲ.

ಇನ್ನೊಂದು ವಿಷಯ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಸುತ್ತಿ ಹೋಗಬೇಕಾಯಿತು. ಹಳೆಯ ಪ್ರಯಾಣದ ಸಮಯ ನಂಬಿಕೊಳ್ಳದೆ ಹೊಸ ಟಿಕೆಟ್‌ನಲ್ಲಿ ಬರೆದಿರುವುದನ್ನೇ ನೋಡಿ. ದೆಹಲಿಯ ಡಿಸೆಂಬರ್-ಜನವರಿಯ ಮಂಜು ಗೊತ್ತೇ ಇದೆಯಲ್ಲ. ಆ ಎರಡು ತಿಂಗಳು ಈ ದಾರಿಗೆ ನನ್ನ ಮನಸ್ಸು ಒಪ್ಪುವುದಿಲ್ಲ.

ಗಲ್ಫ್ ಮೇಲೆ: ದುಬೈ, ದೋಹಾ

ನಮ್ಮ ಕಡೆಯ ಬಹಳ ಜನ ಹಿಡಿಯುವ ದಾರಿ ಇದು. ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಸುಮಾರು ಹದಿನಾರು ಗಂಟೆ. ದೋಹಾ ಕೂಡ ಹೆಚ್ಚುಕಡಿಮೆ ಹೀಗೇ. ಒಳ್ಳೆಯದು ಏನೆಂದರೆ ವಿಮಾನಗಳು ಜಾಸ್ತಿ. ಒಂದು ತಪ್ಪಿದರೆ ಇನ್ನೊಂದರಲ್ಲಿ ಕೂರಿಸುವ ಅವಕಾಶ ಇರುತ್ತದೆ. ಅಲ್ಲಿ ಕೆಲಸ ಮಾಡುವವರಲ್ಲಿ ನಮ್ಮ ದೇಶದವರು ತುಂಬಾ. ಹಿಂದಿಯಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಹಿರಿಯರಿಗೆ ಕನ್ನಡದ ಜೊತೆ ತೆಲುಗೂ ಬರುತ್ತದೆ ಅಲ್ವಾ, ಈ ವಿಮಾನಗಳಲ್ಲಿ ಪಕ್ಕದ ಸೀಟಿನಲ್ಲಿ ತೆಲುಗಿನವರು ಸಿಗುವುದು ಅಪರೂಪವೇನಲ್ಲ.

ಕಷ್ಟ ಏನೆಂದರೆ ಭಾರ ಎರಡನೇ ಅರ್ಧದ ಮೇಲೆ ಬೀಳುತ್ತದೆ. ನಾಲ್ಕು ಗಂಟೆಗೇ ಇಳಿದು, ನಿದ್ದೆಗೆಟ್ಟು, ಆಮೇಲೆ ಹದಿನಾರು ಗಂಟೆ ಕೂರಬೇಕು. ಅಂದರೆ ನೇರ ವಿಮಾನದಷ್ಟೇ ಉದ್ದದ ಕೂರಾಟ, ಅದಕ್ಕೂ ಮುಂಚೆ ಒಂದು ಲೇಓವರ್, ಅಂದರೆ ನಡುವಿನ ನಿಲ್ದಾಣದಲ್ಲಿ ಕಾಯುವ ಹೊತ್ತು. ಕಾಲು, ಬೆನ್ನಿಗೆ ಬಿಡುವು ಸಿಗಲಿ ಅಂತ ನಡುವೆ ಇಳಿಯುವವರಿಗೆ ಈ ದಾರಿ ಅಷ್ಟಾಗಿ ನೆರವಾಗುವುದಿಲ್ಲ. ಆ ಭಾಗದಲ್ಲಿ ಜಗಳ ಎದ್ದರೆ ಆಕಾಶವೂ ಮುಚ್ಚುತ್ತದೆ. 2025ರ ಜೂನ್ 23ರಂದು ಕತಾರ್ ಕೆಲವು ಗಂಟೆ ತನ್ನ ಆಕಾಶ ಮುಚ್ಚಿದಾಗ ಎಷ್ಟೋ ಪ್ರಯಾಣಿಕರು ದಾರಿಯಲ್ಲೇ ಸಿಕ್ಕಿಬಿದ್ದರು. ಟಿಕೆಟ್ ಮಾಡುವ ವಾರದ ಸುದ್ದಿ ನೋಡಿಕೊಳ್ಳಿ.

ಯುರೋಪ್ ಮೇಲೆ: ಫ್ರಾಂಕ್‌ಫರ್ಟ್, ಲಂಡನ್

ಕಿಲೋಮೀಟರ್ ಜಾಸ್ತಿ. ಆದರೂ ಬೆನ್ನುನೋವಿನವರಿಗೆ ನಾನು ಈ ದಾರಿಯನ್ನು ಹೇಳುತ್ತೇನೆ. ಫ್ರಾಂಕ್‌ಫರ್ಟ್‌ಗೆ ಹತ್ತು ಗಂಟೆಯ ಆಸುಪಾಸು, ಅಲ್ಲಿಂದ ಹನ್ನೊಂದು-ಹನ್ನೊಂದೂವರೆ ಗಂಟೆ. ಪ್ರಯಾಣ ಸರಿಯಾಗಿ ಎರಡು ಪಾಲಾಗುತ್ತದೆ. ಒಂದು ಪಾಲು ನಿದ್ದೆಗೆ, ಇನ್ನೊಂದು ಎಚ್ಚರಕ್ಕೆ ಅಂತ ಹೊಂದಿಸಿಕೊಳ್ಳಬಹುದು.

ತೊಡಕು ಭಾಷೆಯದ್ದು ಮತ್ತು ನಡಿಗೆಯದ್ದು. ಇವು ದೊಡ್ಡ ನಿಲ್ದಾಣಗಳು. ಗೇಟ್‌ನಿಂದ ಗೇಟ್‌ಗೆ ತುಂಬಾ ದೂರ ನಡೆಯಬೇಕಾಗುತ್ತದೆ. ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಕೇಳಿ, ತಡ ಅಂದರೆ 48 ಗಂಟೆ ಮುಂಚೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಂಡಿನೋವಿನ ಅತ್ತೆಯೋ ಮಾವನೋ ಸಂಕೋಚದಿಂದ ಬೇಡ ಅಂದರೂ ನೀವು ಕೇಳಿಬಿಡಿ. ತಳ್ಳಿಕೊಂಡು ಹೋಗುವವರೇ ಸರಿಯಾದ ಗೇಟ್‌ಗೆ ಮುಟ್ಟಿಸುತ್ತಾರೆ. ವಿಮಾನ ಬದಲಿಸುವ ದೇಶ ಕೇಳಬಹುದಾದ ಟ್ರಾನ್ಸಿಟ್ ವೀಸಾ ಬಗ್ಗೆಯೂ ಕೇಳಿಕೊಳ್ಳಿ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದು, ನಿಲ್ದಾಣದ ಒಳಗೇ ವಿಮಾನ ಬದಲಿಸುವವರಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಲಗೇಜ್ ತೆಗೆದುಕೊಳ್ಳಲು ಹೊರಗೆ ಬರಬೇಕಾದರೆ ಮಾತು ಬೇರೆ.

ಪೂರ್ವದ ದಾರಿ: ಟೋಕಿಯೊ, ಹಾಂಗ್‌ಕಾಂಗ್, ಸಿಂಗಪುರ

ಅಮೆರಿಕ ಅಂದರೆ ಪಶ್ಚಿಮ ಅನ್ನುವ ಅಭ್ಯಾಸದಿಂದ ನಮ್ಮವರು ಈ ಕಡೆ ತಿರುಗಿಯೂ ನೋಡುವುದಿಲ್ಲ. ಗಲ್ಫ್, ಯುರೋಪ್ ದಾರಿಗಳಿಗಿಂತ ಹಾರಾಟದ ಹೊತ್ತು ಇಲ್ಲಿ ಕಡಿಮೆ. ಬೆಂಗಳೂರಿನಿಂದ ಟೋಕಿಯೊಗೆ ಎಂಟೂವರೆ ಗಂಟೆ, ಅಲ್ಲಿಂದ ಗಾಳಿಯ ಬಲದಲ್ಲಿ ಒಂಬತ್ತೂವರೆ ಗಂಟೆ. ಒಟ್ಟು ಹದಿನೆಂಟು. ಪಾಲೂ ಸಮ. ಹಾಂಗ್‌ಕಾಂಗ್ ಮೇಲೆಯೂ ಹೆಚ್ಚುಕಡಿಮೆ ಇಷ್ಟೇ, ಐದೂವರೆ ಮತ್ತು ಹನ್ನೆರಡೂವರೆ-ಹದಿಮೂರು. ಸಿಂಗಪುರದಲ್ಲಿ ನಿಲ್ದಾಣ ಚೆನ್ನಾಗಿದೆ, ಕಾಯುವುದು ಬೇಸರ ತರುವುದಿಲ್ಲ. ಆದರೆ ಅಲ್ಲಿಂದ ಮುಂದೆ ಹದಿನೈದು ಗಂಟೆ ದಾಟುತ್ತದೆ.

ಟೋಕಿಯೊದಲ್ಲಿ ಒಂದು ಎಚ್ಚರ. ಅಲ್ಲಿ ನರಿತಾ, ಹನೇಡಾ ಅಂತ ಎರಡು ನಿಲ್ದಾಣಗಳಿವೆ. ಒಂದರಿಂದ ಇನ್ನೊಂದು ತುಂಬಾ ದೂರ. ಎರಡೂ ವಿಮಾನ ಒಂದೇ ನಿಲ್ದಾಣದ್ದಾ ಅಂತ ನೋಡದೆ ದುಡ್ಡು ಕಟ್ಟಬೇಡಿ. ಸಸ್ಯಾಹಾರಿಗಳಿಗೆ ಈ ದಾರಿಯಲ್ಲಿ ನಿಲ್ದಾಣದ ಊಟ ಕಷ್ಟ. ವಿಮಾನದ ಊಟಕ್ಕೆ ಭಾರತೀಯ ಸಸ್ಯಾಹಾರ ಅಂತ ಮೊದಲೇ ಹೇಳಿ, ಕೈಚೀಲದಲ್ಲಿ ಚಪಾತಿ, ಚಟ್ನಿಪುಡಿ ಇಟ್ಟುಕೊಳ್ಳಿ.

ಅಗ್ಗದ ಟಿಕೆಟ್‌ನ ಬೆಲೆ

ಓದಲು ಹೊರಟ ಮಕ್ಕಳೇ, ಇದು ನಿಮಗೆ. ಹತ್ತು-ಹನ್ನೆರಡು ಗಂಟೆಯ ಲೇಓವರ್ ಇರುವ ಟಿಕೆಟ್ ಎಷ್ಟೋ ಸಲ ಅಗ್ಗ. ಗಟ್ಟಿ ವಯಸ್ಸು, ಕುರ್ಚಿಯಲ್ಲೇ ನಿದ್ದೆ ಮಾಡಬಲ್ಲಿರಿ. ಧಾರಾಳವಾಗಿ ತೆಗೆದುಕೊಳ್ಳಿ. ಎರಡು ವಿಷಯದಲ್ಲಿ ಮಾತ್ರ ರಾಜಿ ಬೇಡ.

ಒಂದು, ಬೇರೆ ಬೇರೆ ಟಿಕೆಟ್ ಜೋಡಿಸಬೇಡಿ. ಎಲ್ಲಾ ವಿಮಾನಗಳೂ ಒಂದೇ ಬುಕಿಂಗ್‌ನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಹೊಣೆ. ಬೇರೆ ಬೇರೆ ಇದ್ದರೆ ಎರಡನೇ ಟಿಕೆಟ್ ಸುಮ್ನೆ ಹೋಗುತ್ತದೆ. ಹೊಸದನ್ನು ಆ ಕ್ಷಣದ ಬೆಲೆಗೆ ಕೊಳ್ಳಬೇಕು.

ಎರಡು, ಲಗೇಜ್ ಸಾಲು ಓದಿ. ಅಮೆರಿಕಕ್ಕೆ ಬಹಳಷ್ಟು ಕಂಪನಿಗಳು 23 ಕೆ.ಜಿ.ಯ ಎರಡು ಪೆಟ್ಟಿಗೆ ಬಿಡುತ್ತವೆ. ಅತಿ ಅಗ್ಗದ ದರದಲ್ಲಿ ಒಂದೇ ಇರಬಹುದು. ಎರಡನೇ ಪೆಟ್ಟಿಗೆಗೆ ಬೇರೆ ಕಟ್ಟಿದರೆ ಉಳಿತಾಯ ಅಲ್ಲಿಗೇ ಕರಗುತ್ತದೆ.

ನ್ಯೂಯಾರ್ಕ್, ಶಿಕಾಗೊದಲ್ಲಿ ಇಳಿದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ಟಿಕೆಟ್‌ಗಳೂ ಅಗ್ಗವಾಗಿ ಕಾಣುತ್ತವೆ. ಅಮೆರಿಕದಲ್ಲಿ ಮೊದಲು ಕಾಲಿಡುವ ನಿಲ್ದಾಣದಲ್ಲೇ ಇಮಿಗ್ರೇಷನ್, ಅಲ್ಲೇ ಲಗೇಜ್ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಇಮಿಗ್ರೇಷನ್ ಸಾಲು ಎಷ್ಟು ಉದ್ದ ಇರುತ್ತೋ ಹೇಳಲಾಗದು. ವಯಸ್ಸಾದವರನ್ನು ಈ ದಾರಿಯಲ್ಲಿ ಒಬ್ಬೊಬ್ಬರೇ ಕಳಿಸಬೇಡಿ.

ವಯಸ್ಸಾದವರಿಗೆ ಲೇಓವರ್ ಎರಡೂವರೆಯಿಂದ ನಾಲ್ಕು ಗಂಟೆ ಇದ್ದರೆ ಹಿತ. ಒಂದೂವರೆ ಗಂಟೆಯದನ್ನು ಕಂಪನಿ ಮಾರುತ್ತದೆ, ಅದು ನಿಯಮದ ಒಳಗೇ ಇರುತ್ತದೆ. ಆದರೂ ನಮ್ಮ ಅಮ್ಮಂದಿರ ನಡಿಗೆಗೆ ಅದು ಹೊಂದುವುದಿಲ್ಲ. ನಡುವಿನ ನಿಲ್ದಾಣದಲ್ಲೂ ತಪಾಸಣೆ ಇರುತ್ತದೆ. ಕೈಚೀಲದಲ್ಲಿ ತುಪ್ಪ, ಉಪ್ಪಿನಕಾಯಿ ಇದ್ದರೆ ಕಿತ್ತಿಡುತ್ತಾರೆ. ಇನ್ಸುಲಿನ್ ಮತ್ತು ಮಾತ್ರೆಗಳನ್ನು ಮಾತ್ರ ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲೇ ಇಡಿ. ತಿಪಟೂರಿನ ಒಣ ಕೊಬ್ಬರಿ ಯಾವ ಪೆಟ್ಟಿಗೆಯಲ್ಲೂ ಬೇಡ. ಎಣ್ಣೆಯಂಶದಿಂದ ತಾನಾಗಿ ಬೆಂಕಿ ಹತ್ತಬಹುದಾದ ವಸ್ತು ಅಂತ ವಿಮಾನದಲ್ಲಿ ಅದನ್ನು ಬಿಡುವುದಿಲ್ಲ. ಶ್ರೀನಿವಾಸಪುರದ ಮಾವು, ನಮ್ಮ ದ್ರಾಕ್ಷಿ ಕೂಡ ಬೇಡ. ಅಮೆರಿಕದ ಕಸ್ಟಮ್ಸ್‌ನಲ್ಲಿ ಹಣ್ಣು ನಿಲ್ಲಿಸುತ್ತಾರೆ, ಹೇಳದೆ ಒಯ್ದರೆ ದಂಡ.

ಮನೆಯಿಂದ ದೇವನಹಳ್ಳಿಗೆ

ಬೆಂಗಳೂರಿನ ಎಷ್ಟೋ ಬಡಾವಣೆಗಳಿಗಿಂತ ನಾವು ಅದೃಷ್ಟವಂತರು. ಚಿಕ್ಕಬಳ್ಳಾಪುರದಿಂದ ಹೆದ್ದಾರಿ 44ರಲ್ಲಿ 30 ಕಿ.ಮೀ. ಆಸುಪಾಸು, ಮುಕ್ಕಾಲು ಗಂಟೆ ಸಾಕು. ಕೋಲಾರದವರು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆಯಿಂದಲೋ ಹೊಸಕೋಟೆ ಮೇಲಿಂದಲೋ ಬರಬಹುದು. ತುಮಕೂರಿನವರು ಬೆಂಗಳೂರಿನ ಒಳಗೆ ನುಗ್ಗಬೇಕಿಲ್ಲ. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಬಂದರೆ ಗೋರಗುಂಟೆಪಾಳ್ಯದ ಟ್ರಾಫಿಕ್ ತಪ್ಪುತ್ತದೆ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ. ಡ್ರೈವರ್‌ಗೆ ಮೊದಲೇ ಹೇಳಿ.

ನಸುಕಿನ ಮೂರು-ನಾಲ್ಕು ಗಂಟೆಯ ವಿಮಾನವಾದರೆ ತುಮಕೂರು, ಕೋಲಾರದವರು ಹಿಂದಿನ ರಾತ್ರಿ ಹತ್ತರೊಳಗೆ ಮನೆ ಬಿಡುವುದು ಒಳ್ಳೆಯದು. ಡಿಸೆಂಬರ್-ಜನವರಿಯಲ್ಲಿ ನಂದಿ ಬೆಟ್ಟದ ಸುತ್ತ ಬೆಳಗಿನ ಜಾವ ದಟ್ಟ ಮಂಜು. ರಸ್ತೆಯೂ ಕಾಣುವುದಿಲ್ಲ, ದೇವನಹಳ್ಳಿಯಲ್ಲಿ ವಿಮಾನಗಳೂ ತಡವಾಗುತ್ತವೆ. ಬೆಳಗಿನ ಜಾವದ ವಿಮಾನ, ಅದಕ್ಕೆ ಅಂಟಿದ ಒಂದೂವರೆ ಗಂಟೆಯ ಲೇಓವರ್, ಇವೆರಡೂ ಒಟ್ಟಿಗೆ ಇರುವ ಟಿಕೆಟನ್ನು ಆ ತಿಂಗಳುಗಳಲ್ಲಿ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಮಧ್ಯಾಹ್ನದ್ದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟು ತೆಗೆದುಕೊಳ್ಳಿ.

ವಾಪಸ್ ಬರುವ ದಾರಿ

ಟಿಕೆಟ್ ಮಾಡುವವರು ಹೋಗುವುದನ್ನು ಹತ್ತು ಸಲ ನೋಡುತ್ತಾರೆ, ಬರುವುದನ್ನು ಒಂದು ಸಲವೂ ನೋಡುವುದಿಲ್ಲ. ಹೋಗುವಾಗ ನೆರವಾದ ಗಾಳಿ ಪೂರ್ವದ ದಾರಿಯಲ್ಲಿ ಬರುವಾಗ ಎದುರಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಟೋಕಿಯೊಗೆ ಹನ್ನೊಂದು ಗಂಟೆ, ಹಾಂಗ್‌ಕಾಂಗ್‌ಗೆ ಹದಿನೈದರ ಹತ್ತಿರ. ಯುರೋಪ್ ಮೇಲೆ ಬಂದರೆ ಗಾಳಿ ಬೆನ್ನಿಗಿರುತ್ತದೆ. ಮಗಳ ಬಾಣಂತನಕ್ಕೆ ಹೋಗುವ ಅಮ್ಮ, ರಜೆಗೆ ಹೋಗುವ ಅಪ್ಪ, ಇಬ್ಬರೂ ತಿಂಗಳುಗಟ್ಟಲೆ ಇದ್ದು ಬರುವವರು. ಹೋಗುವಾಗ ಮೇ ಇದ್ದದ್ದು ಬರುವಾಗ ನವೆಂಬರ್ ಆಗಿರುತ್ತದೆ. ವೇಳಾಪಟ್ಟಿ ಅಷ್ಟರಲ್ಲಿ ಬದಲಾಗಿರಬಹುದು, ನಡುವಿನ ಲೇಓವರ್ ಎರಡು ಗಂಟೆ ಇದ್ದದ್ದು ಒಂದಕ್ಕೆ ಇಳಿದಿರಬಹುದು. ಹೊರಡುವ ಒಂದು ತಿಂಗಳ ಮುಂಚೆ ಮತ್ತೊಮ್ಮೆ ಬುಕಿಂಗ್ ತೆರೆದು ನೋಡಿ. ಸಮಯ ನಿಮಗೆ ಹೊಂದದಂತೆ ಬದಲಾಗಿದ್ದರೆ ಕಂಪನಿಗೆ ಫೋನ್ ಮಾಡಿ ಬೇರೆ ವಿಮಾನ ಕೇಳಿ. ಬದಲಾಯಿಸಿದವರು ಅವರೇ ಆಗಿದ್ದರೆ ಸಾಮಾನ್ಯವಾಗಿ ಹೆಚ್ಚಿನ ದುಡ್ಡಿಲ್ಲದೆ ಹೊಂದಿಸಿ ಕೊಡುತ್ತಾರೆ.